ಅಪ್ಪಯ್ಯನ ಕಿವಿಗೆ ಪ್ರೆಸ್ಟಿನ್ ಟೆಸ್ಟ್ (ಒಳಕಿವಿಯ ಒಂದು ಪ್ರೋಟೀನನ್ನ ರಕ್ತದಲ್ಲಿ ನೋಡೋದು) ಶಿವಮೊಗ್ಗದಲ್ಲಿ ಎಲ್ಲಿ ಮಾಡ್ತಾರೆ ಅಂತ ಕೇಳಿದ್ರಲ್ಲ

ನಾಲ್ಕು ದಿನದ ಹಿಂದೆ ಎದ್ದಾಗಿಂದ ಒಂದೇ ಕಿವಿ ಕೇಳ್ತಿಲ್ಲ, ಗುಂಯ್ ಅಂತಿದೆ, ನೋವಿಲ್ಲ ಅಂದ್ರೆ ಹೆಚ್ಚಾಗಿ ಇದು ಒಳಕಿವಿದೇ ತೊಂದ್ರೆ, ದಿಢೀರ್ ಬರೋ ನರದ ಕಿವುಡು. ಗುಗ್ಗೆ ಕಟ್ಕೊಂಡ್ರೂ ಹಿಂಗೇ ಆಗುತ್ತೆ, ಆದ್ರೆ ಅದೇ ಅಂದ್ಕೊಂಡು ಎಣ್ಣೆ ಬಿಟ್ಕೊಂಡು ಕೂರ್ಬೇಡಿ.

ಪ್ರೆಸ್ಟಿನ್‌ಗೆ ಲ್ಯಾಬ್ ಹುಡುಕೋದು ಬಿಡಿ. ಅದು ಒಳಕಿವಿಯ ಹೊರಸಾಲಿನ ಕೂದಲುಕೋಶದಲ್ಲಿ (ಸದ್ದನ್ನ ಜೋರು ಮಾಡೋ ಸಣ್ಣ ಕೋಶ) ಇರೋ ಪ್ರೋಟೀನು, ಕೋಶ ಹಾಳಾದಾಗ ರಕ್ತದಲ್ಲಿ ಅದ್ರ ಮಟ್ಟ ಬದಲಾಗುತ್ತಾ ಅಂತ ಸಂಶೋಧನೆ ನಡೀತಿದೆ, ನಂಗೂ ಇದ್ರ ಮೇಲೆ ಆಸೆ ಇದೆ ಯಾಕಂದ್ರೆ ಆಡಿಯೋಗ್ರಾಂ ಎಷ್ಟು ಕೇಳುತ್ತೆ ಅಂತ ಹೇಳುತ್ತೆ ಹೊರ್ತು ಒಳಗೆ ಯಾವ ಕೋಶ ಕೆಟ್ಟಿದೆ ಅಂತ ಹೇಳಲ್ಲ. ಆದ್ರೆ ಇಷ್ಟಿದ್ರೆ ನಾರ್ಮಲ್ ಅನ್ನೋ ಒಪ್ಪಿತ ಅಳತೆ ಇನ್ನೂ ಆಗಿಲ್ಲ, ಆ ರಿಪೋರ್ಟ್ ನೋಡಿ ಔಷಧಿ ಶುರು ಮಾಡೋ ಪದ್ಧತಿ ಇಲ್ಲ.

ಈಗ ಬಾಯಿ ಮುಚ್ಕೊಂಡು 'ಹ್ಮ್‌ಮ್‌ಮ್' ಅಂತ ಗುನುಗೋಕೆ ಹೇಳಿ. ಸದ್ದು ಕೇಳದಿರೋ ಕಿವಿಲೇ ಜೋರಾದ್ರೆ ಗುಗ್ಗೆನೋ ಕಿವಿತಮಟೆ ಹಿಂದಿನ ನೀರೋ ಇರ್ಬಹುದು, ಒಳ್ಳೆ ಕಿವಿ ಕಡೆ ಹೋದ್ರೆ ಒಳಕಿವಿದು. ಬರೀ ಸುಳಿವು ಅಷ್ಟೆ. ಏನೇ ಬಂದ್ರೂ ನಾಳೆ ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸಿಗೇ ಹೊರಡಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇಎನ್‌ಟಿಗೆ ತೋರ್ಸಿ 'ದಿಢೀರ್ ಆಗಿದ್ದು, ನಾಲ್ಕು ದಿನ ಆಯ್ತು' ಅಂತ ಮೊದ್ಲೇ ಹೇಳಿ, ಆಡಿಯೋಮೆಟ್ರಿ (ಆಡಿಯೋಗ್ರಾಂ ತೆಗೆಯೋ ಕಿವಿ ಪರೀಕ್ಷೆ) ಅವತ್ತೇ ಆಗ್ಬೇಕು ಅಂತ ಕೇಳಿ. ನರದ್ದು ಅಂತಾದ್ರೆ ಸ್ಟೀರಾಯ್ಡ್ ಕೊಡ್ತಾರೆ, 2 ವಾರದೊಳಗೆ ಶುರುವಾದ್ರೆ ಒಳ್ಳೇದು, ಎಷ್ಟು ಬೇಗ ಅಷ್ಟು ವಾಸಿ, ಆದ್ರೂ ಎಲ್ರಿಗೂ ಪೂರ್ತಿ ವಾಪಸ್ ಬರಲ್ಲ. ಶುಗರ್ ಇದ್ರೆ ಮುಚ್ಚಿಡ್ಬೇಡಿ, ಸ್ಟೀರಾಯ್ಡಿಗೆ ಏರುತ್ತೆ. ನರದ ಮೇಲೆ ಗಡ್ಡೆ ಇಲ್ಲ ಅಂತ ಖಾತ್ರಿಗೆ ಎಂಆರ್‌ಐ ಬರೀಬಹುದು, ಗಾಬರಿ ಆಗ್ಬೇಡಿ.

ಮುಖ ಸೊಟ್ಟಗಾದ್ರೆ, ಮಾತು ತೊದಲಿದ್ರೆ, ನಡೆಯೋಕಾಗದಷ್ಟು ತಲೆ ತಿರುಗಿದ್ರೆ ಬೆಳಿಗ್ಗೆವರೆಗೂ ಕಾಯ್ಬೇಡಿ, ಈಗ್ಲೇ 108ಕ್ಕೆ ಫೋನ್ ಮಾಡಿ.