ಹಳೇ ಟಾಕೀಸ್ ಮತ್ತೆ ತೆರೆಯುವ ಕಥೆಯ ಹಾಸ್ಯ ಸಿನಿಮಾ ಯಾವುದಾದರೂ ಇದೆಯಾ?

ಮುಚ್ಚಿದ ಟಾಕೀಸನ್ನು ಮತ್ತೆ ನಡೆಸುವ ಕಥೆ ಬೇಕು, ಆದರೆ 'ಹೋಯ್ತು ಆ ಕಾಲ' ಅಂತ ಗೋಳಾಡಬಾರದು ಅಂತ ಕೇಳಿದ್ದೀರಿ. ಹಾಗಾದರೆ 1957ರ ಬ್ರಿಟಿಷ್ ಚಿತ್ರ 'ದಿ ಸ್ಮಾಲೆಸ್ಟ್ ಶೋ ಆನ್ ಅರ್ತ್' ನೋಡಿ. ಬ್ಯಾಸಿಲ್ ಡಿಯರ್ಡನ್ ನಿರ್ದೇಶನ. ಕಪ್ಪು ಬಿಳುಪು, ಒಂದೂವರೆ ಗಂಟೆಯೂ ಇಲ್ಲ.

ಗಂಡ ಹೆಂಡತಿಗೆ ಸತ್ತ ಬಂಧುವೊಬ್ಬನ ಟಾಕೀಸ್ ಆಸ್ತಿಯಾಗಿ ಬರುತ್ತದೆ. ಹೋಗಿ ನೋಡಿದರೆ ಎರಡು ರೈಲ್ವೆ ಸೇತುವೆ ನಡುವೆ ಸಿಕ್ಕಿಕೊಂಡ ಕೊಂಪೆ. ಪಕ್ಕದ ದೊಡ್ಡ ಟಾಕೀಸಿನವನಿಗೆ ಆ ಜಾಗ ಕಾರು ನಿಲ್ಲಿಸಲು ಬೇಕು. ಮೊದಲು 5,000 ಪೌಂಡ್ ಅಂದಿದ್ದವ ಈಗ 500 ಅನ್ನುತ್ತಾನೆ. ಟಾಕೀಸ್ ಶುರು ಮಾಡುತ್ತೇವೆ ಅಂತ ಸುಮ್ನೆ ನಾಟಕ ಆಡಿದರೆ ಬೆಲೆ ಏರಿಸುತ್ತಾನೆ ಅಂತ ಇವರ ಲೆಕ್ಕ. ನನಗೆ ಇಷ್ಟವಾಗೋದೇ ಇದು. ಇವರಿಗೆ ಸಿನಿಮಾ ಪ್ರೀತಿ ಗೀತಿ ಏನೂ ಇಲ್ಲ, ದುಡ್ಡು ಬೇಕು ಅಷ್ಟೇ. ಪ್ರೀತಿ ಇರೋದು ಅಲ್ಲಿನ ಮೂರು ಮುದಿ ನೌಕರರಿಗೆ.

ಆಪರೇಟರ್ ಪಾತ್ರ ಪೀಟರ್ ಸೆಲ್ಲರ್ಸ್ ಅವರದು. ಆಗ ಅವರಿಗೆ 31 ವರ್ಷ, ತೆರೆ ಮೇಲೆ ಮಾತ್ರ ಪಕ್ಕಾ ಮುದುಕ, ಕುಡುಕ. ರೈಲು ಬಂದರೆ ಪ್ರೊಜೆಕ್ಟರ್ ಸಮೇತ ಕಟ್ಟಡವೇ ನಡುಗುತ್ತದೆ. ನಮ್ಮ ಶಿರಸಿಗೆ ಇವತ್ತಿಗೂ ರೈಲಿಲ್ಲ, ಆದರೂ ಇದು ನಮಗೆ ಗೊತ್ತಿರುವ ಕಷ್ಟವೇ. ಆಷಾಢದ ಮಳೆ ತಗಡಿನ ಮಾಡಿನ ಮೇಲೆ ಹೊಡೆದರೆ ಹೀರೋ ಬಾಯಿ ಆಡಿಸಿದ್ದಷ್ಟೇ ಕಾಣುತ್ತಿತ್ತು, ಮಾತು ನಾವೇ ಸೇರಿಸಿಕೊಳ್ಳಬೇಕಿತ್ತು! ಆಪರೇಟರ್ ಕೋಣೆಯೊಳಗೂ ನಿಂತು ನೋಡಿದ್ದೇನೆ. ಎರಡು ಕಾರ್ಬನ್ ಕಡ್ಡಿಗಳ ತುದಿ ನಡುವೆ ಬೆಳಕು ಉರಿಯುತ್ತಿರುತ್ತದೆ. ಕಡ್ಡಿ ಸವೆದ ಹಾಗೆ ಹತ್ತಿರ ಸರಿಸುತ್ತಾ ಇರಬೇಕು. ಬೀಡಿ ಹಚ್ಚಲು ಆಚೀಚೆ ತಿರುಗಿದರೆ ತೆರೆ ಮಂಕು, ಗಾಂಧಿ ಕ್ಲಾಸಿನಿಂದ ಸಿಳ್ಳೆ, ಬೈಗುಳ. ಆ ಕೋಣೆ ಕಂಡವರಿಗೆ ಸೆಲ್ಲರ್ಸ್ ನಟನೆ ಜಾಸ್ತಿ ಆಯಿತು ಅಂತ ಅನಿಸೋದೇ ಇಲ್ಲ.

ಇನ್ನೊಂದು ಮಜಾ ಇದೆ. ತೆರೆ ಮೇಲೆ ಮರುಭೂಮಿ. ಒಳಗೆ ಹೀಟರ್ ಜೋರು ಮಾಡುತ್ತಾರೆ. ಜನ ಬಾಯಾರಿ ಐಸ್‌ಕ್ರೀಮಿಗೆ ಮುಗಿಬೀಳುತ್ತಾರೆ. ಮೇ ತಿಂಗಳ ಕಾರವಾರದಲ್ಲಾದರೆ ಹೀಟರ್ ಖರ್ಚೂ ಇಲ್ಲ, ಫ್ಯಾನ್ ನಿಲ್ಲಿಸಿದರೆ ಸಾಕು, ಅಲ್ವಾ?

ಒಂದೇ ಕಡೆ ಚಿತ್ರ ಮೆತ್ತಗಾಗುತ್ತದೆ. ರಾತ್ರಿ ಮೂವರು ಮುದುಕರೂ ತಮಗೋಸ್ಕರವೇ ಹಳೇ ಮೂಕಿ ಚಿತ್ರ ಹಾಕಿಕೊಂಡಿರುತ್ತಾರೆ. ಟಿಕೆಟ್ ಕೊಡುವ ಅಜ್ಜಿ ಪಿಯಾನೊ ನುಡಿಸುತ್ತಾಳೆ, ಮೂಕಿ ಕಾಲದಲ್ಲಿ ಅವಳ ಕೆಲಸ ಅದೇ ಆಗಿತ್ತು. ಆ ಪಾತ್ರ ಮಾರ್ಗರೆಟ್ ರುದರ್‌ಫರ್ಡ್ ಅವರದು.

ಜೋಡಿಯಾಗಿ ನಟಿಸಿದ ಬಿಲ್ ಟ್ರಾವರ್ಸ್, ವರ್ಜೀನಿಯಾ ಮೆಕೆನ್ನಾ ನಿಜ ಜೀವನದಲ್ಲೂ ಗಂಡ ಹೆಂಡತಿ. ಆದರೂ ಸ್ವಲ್ಪ ಸಪ್ಪೆ. ಮುದುಕರು ಬರುವವರೆಗೆ ತಾಳ್ಮೆ ಇರಲಿ. ಕೊನೆ ಏನಾಗುತ್ತದೆ ಅಂತ ಹೇಳೋದಿಲ್ಲ. ಬಾಗಿಲು ಕಾಯುವ ಟಾಮ್ ಅಲ್ಲಿ ಒಂದು ಮಾತು ಆಡುತ್ತಾನೆ. ಅಲ್ಲಿವರೆಗೆ ಪಾಪದವನು ಅಂದುಕೊಂಡಿರುತ್ತೀರಿ. ಸಬ್‌ಟೈಟಲ್ ಹಾಕಿಕೊಳ್ಳಿ, ಆ ಅಜ್ಜನ ಇಂಗ್ಲಿಷ್ ನಮ್ಮ ಕಿವಿಗೆ ಸುಲಭಕ್ಕೆ ಸಿಗೋದಿಲ್ಲ. ಅದೊಂದು ಮಾತು ತಪ್ಪಿದರೆ ಸಿನಿಮಾ ನೋಡಿದ್ದೇ ದಂಡ.