ಹಳೆಯ ಸಂಗೀತ ಕಚೇರಿಗಳಿಗೆ ಲಿಂಕ್ಡ್ ಡೇಟಾ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಸಂಗೀತ ಸಭೆಯಲ್ಲಿದ್ದ ಸ್ಪೂಲ್ ಟೇಪ್ ಹಾಗೂ ಕ್ಯಾಸೆಟ್‌ಗಳನ್ನು ಡಿಜಿಟಲ್ ರೂಪಕ್ಕೆ ತಂದಿದ್ದೇವೆ. ಅವನ್ನೂ ಕಚೇರಿಗಳ ಹಳೆಯ ಫೋಟೊಗಳನ್ನೂ ಜಾಲತಾಣಕ್ಕೆ ಏರಿಸುವಾಗ ಕಲಾವಿದರ ಹೆಸರು, ದಿನಾಂಕ ಬರೆದರೆ ಸಾಲದೆ? ‘ಲಿಂಕ್ಡ್ ಡೇಟಾ’ ರೂಪದಲ್ಲಿ ವಿವರ ಕೊಡಿ ಎಂದು ಒಬ್ಬರು ಸಲಹೆ ಮಾಡಿದ್ದಾರೆ. ನಮ್ಮಂಥ ಸಣ್ಣ ಸಂಸ್ಥೆಗೆ ಅದು ಬೇಕೆ?
— ಓದುಗರೊಬ್ಬರು, ಬಸವನಗುಡಿ

ಉತ್ತರ: ಖಂಡಿತ ಬೇಕು. ಕಂಪನಿಗಳು ಹೊರತಂದ ಧ್ವನಿಮುದ್ರಣಕ್ಕೆ ಲೇಬಲ್, ಕ್ಯಾಟಲಾಗ್ ಸಂಖ್ಯೆಗಳಾದರೂ ಇರುತ್ತವೆ. ನಿಮ್ಮ ಸಭೆಯ ಕಚೇರಿಯ ಬಗ್ಗೆ ನೀವು ಬರೆದಿಟ್ಟಷ್ಟೇ ಹೊರಗಿನವರಿಗೆ ತಿಳಿಯುವುದು.

ಬರಿಯ ಹೆಸರು ಏಕೆ ಸಾಲದೆಂಬುದಕ್ಕೆ ‘ಚೌಡಯ್ಯ’ ಎಂಬ ಒಂದು ಶೀರ್ಷಿಕೆಯನ್ನೇ ನೋಡಿ. ಅದು ಏಳು ತಂತಿಯ ಪಿಟೀಲು ನುಡಿಸಿದ ವಿದ್ವಾಂಸರದಿರಬಹುದು, ಪಿಟೀಲಿನ ಆಕಾರದಲ್ಲಿ ಕಟ್ಟಿದ ಸ್ಮಾರಕ ಭವನದ್ದಿರಬಹುದು, ನೆಹರೂ ತಾರಾಲಯವಿರುವ ರಸ್ತೆಯದ್ದೂ ಇರಬಹುದು. ಹುಡುಕುವ ಯಂತ್ರಕ್ಕೆ ಮೂರೂ ಒಂದೇ ಅಕ್ಷರಸಾಲು. ಅದೇ ವಿದ್ವಾಂಸರನ್ನು ಒಂದು ಕಡೆ ‘ಟಿ. ಚೌಡಯ್ಯ’ ಎಂದೂ ಇನ್ನೊಂದು ಕಡೆ ‘ಪಿಟೀಲು ಚೌಡಯ್ಯ’ ಎಂದೂ ಬರೆದರೆ, ಅದರ ಲೆಕ್ಕದಲ್ಲಿ ಅವರು ಇಬ್ಬರಾಗಿಬಿಡುತ್ತಾರೆ.

ಈ ಗೊಂದಲಕ್ಕೆ ಪರಿಹಾರವಾಗಿ, ವ್ಯಕ್ತಿ, ಸ್ಥಳ, ಕೃತಿ, ರಾಗ ಪ್ರತಿಯೊಂದಕ್ಕೂ ವೆಬ್‌ನಲ್ಲಿ ಒಂದು ಶಾಶ್ವತ ವಿಳಾಸವಿರಬೇಕು, ಆ ವಿಳಾಸದಲ್ಲಿ ಉಪಯುಕ್ತ ಮಾಹಿತಿ ಸಿಗಬೇಕು, ಅಲ್ಲಿಂದ ಸಂಬಂಧಪಟ್ಟ ಬೇರೆ ವಿಳಾಸಗಳಿಗೆ ಕೊಂಡಿಗಳಿರಬೇಕು ಎಂಬ ನಿಯಮಗಳನ್ನು ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ 2006ರಲ್ಲಿ ಮುಂದಿಟ್ಟರು. ಹೀಗೆ ಕೊಂಡಿಗಳಿಂದ ಬೆಸೆದ ಮಾಹಿತಿಯೇ ‘ಲಿಂಕ್ಡ್ ಡೇಟಾ’. 2012ರಲ್ಲಿ ಆರಂಭವಾದ ವಿಕಿಡೇಟಾ ಇಂಥ ವಿಳಾಸಗಳ ದೊಡ್ಡ ಭಂಡಾರ. ಅದರಲ್ಲಿ ನಮ್ಮ ನಗರದ ಗುರುತು ಸಂಖ್ಯೆ ಕ್ಯೂ1355. 2014ರ ನವೆಂಬರ್‌ನಲ್ಲಿ ಬ್ಯಾಂಗಲೋರ್ ಅಧಿಕೃತವಾಗಿ ಬೆಂಗಳೂರಾದರೂ ಆ ಗುರುತು ಬದಲಾಗಲಿಲ್ಲ.

ನಿಮಗೆ ಇದರ ನಿಜವಾದ ಲಾಭವೆಂದರೆ, ನೀವು ಬರೆಯದ ವಿವರಗಳೂ ನಿಮ್ಮ ಧ್ವನಿಮುದ್ರಣಕ್ಕೆ ಒದಗಿಬರುತ್ತವೆ. ಪಕ್ಕವಾದ್ಯದ ಮುಂದೆ ಚೌಡಯ್ಯನವರ ಗುರುತನ್ನು ಸೇರಿಸಿದ್ದರೆ, ತಿರುಮಕೂಡಲು ನರಸೀಪುರದ ಕಲಾವಿದರ ಧ್ವನಿಮುದ್ರಣಗಳನ್ನು ಹುಡುಕುವವರಿಗೂ ನಿಮ್ಮ ಕಡತ ಸಿಗಬಲ್ಲದು. ಊರಿನ ಹೆಸರನ್ನು ನೀವು ಎಲ್ಲೂ ನಮೂದಿಸಿರಬೇಕಾಗಿಲ್ಲ, ಅವರ ಗುರುತಿನ ಜೊತೆ ಅದು ದಾಖಲಾಗಿದ್ದರೆ ಸಾಕು.

ಮೂರು ಗಂಟೆಯ ಕಚೇರಿಯನ್ನು ಒಂದೇ ಕಡತವೆಂದು ವಿವರಿಸಿದರೂ ಅರ್ಧ ಕೆಲಸವೇ ಆಗುತ್ತದೆ. ವಾಸುದೇವಾಚಾರ್ಯರ ‘ಬ್ರೋಚೇವಾರೆವರುರಾ’ ಯಾವ ನಿಮಿಷದಲ್ಲಿ ಆರಂಭವಾಗುತ್ತದೆ, ತನಿ ಆವರ್ತನ (ತಾಳವಾದ್ಯದವರು ಮಾತ್ರ ನುಡಿಸುವ ಭಾಗ) ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಗುರುತು ಹಾಕಿ. ಕಡತದ ವಿಳಾಸದ ಕೊನೆಗೆ ಆರಂಭದ ಮತ್ತು ಅಂತ್ಯದ ಸೆಕೆಂಡುಗಳನ್ನು ಸೇರಿಸಿ ಆ ಭಾಗವನ್ನಷ್ಟೇ ಸೂಚಿಸುವ ವಿಧಾನಕ್ಕೆ ವೆಬ್‌ನ ಮಾನಕ ಸಂಸ್ಥೆಯಾದ ಡಬ್ಲ್ಯು3ಸಿ 2012ರಲ್ಲೇ ಮನ್ನಣೆ ನೀಡಿದೆ. ಮೃದಂಗ ಕಲಿಯುವ ವಿದ್ಯಾರ್ಥಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಆರಂಭಕ್ಕೆ ಒಂದು ಎಕ್ಸೆಲ್ ಹಾಳೆ ಸಾಕು. ಹೆಸರಿನ ಪಕ್ಕದ ಕಾಲಂನಲ್ಲಿ ವಿಕಿಡೇಟಾ ಗುರುತನ್ನು ಬರೆಯಿರಿ. ಜಾಲತಾಣ ನೋಡಿಕೊಳ್ಳುವವರು ಅದನ್ನು ಹುಡುಕುವ ಯಂತ್ರಗಳಿಗೆ ಅರ್ಥವಾಗುವ ಸ್ಕೀಮಾ ಡಾಟ್ ಆರ್ಗ್ ಪದಕೋಶಕ್ಕೆ ಹೊಂದಿಸಿ ಪುಟಗಳಲ್ಲಿ ಸೇರಿಸಬಲ್ಲರು. ಸ್ಥಳೀಯ ಪಕ್ಕವಾದ್ಯಗಾರರಿಗೆ ವಿಕಿಡೇಟಾದಲ್ಲಿ ನಮೂದು ಇಲ್ಲದಿದ್ದರೆ ನಿಮ್ಮ ತಾಣದಲ್ಲೇ ಅವರಿಗೊಂದು ಪುಟ ಮಾಡಿ, ಮುಂದೆ ತಾಣದ ವಿನ್ಯಾಸ ಬದಲಾದರೂ ಆ ಪುಟದ ವಿಳಾಸವನ್ನು ಬದಲಿಸಬೇಡಿ. ಯಾರೆಂದು ತಿಳಿಯದ ಕಲಾವಿದರನ್ನು ಊಹೆಯಿಂದ ಹೆಸರಿಸದೆ ‘ಗುರುತಿಸಿಲ್ಲ’ ಎಂದೇ ಬರೆದು, ದನಿ ಕೇಳಿ ಹೇಳಬಲ್ಲ ಹಿರಿಯರನ್ನು ತಡಮಾಡದೆ ಕರೆಸಿ ಕೇಳಿಸಿ.

ಪ್ರಶ್ನೆ: ಫೋಟೊ ಕಡತದೊಳಗೇ ವಿವರ ತುಂಬಿದ್ದೆವು. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಮೇಲೆ ಅದು ಕಾಣುತ್ತಿಲ್ಲ. ಏಕೆ?
— ಓದುಗರೊಬ್ಬರು, ಮಲ್ಲೇಶ್ವರ

ಉತ್ತರ: ಫೋಟೊ ಎಂದು ಕಳಿಸಿದಾಗ ಆ್ಯಪ್ ಚಿತ್ರವನ್ನು ಕುಗ್ಗಿಸುತ್ತದೆ, ಒಳಗಿನ ವಿವರಗಳೂ ಆಗ ಅಳಿಸಿಹೋಗುತ್ತವೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಕಡತ ಇದ್ದಂತೆಯೇ ತಲುಪುತ್ತದೆ. ಆದರೂ ವಿವರದ ಇನ್ನೊಂದು ಪ್ರತಿ ಕಡತದ ಹೊರಗೆ, ಪ್ರತ್ಯೇಕ ಪಟ್ಟಿಯಲ್ಲಿ ಇರಲೇಬೇಕು.