ಕುಡಿತ ಬಿಟ್ಟ ಮೇಲೂ ಈ ಒಳಗಿನ ಮಗು ಯಾಕೆ?

ಕುಡಿತ ಬಿಟ್ಟು ನಾಲ್ಕು ತಿಂಗಳಾಯ್ತು, ಕೌನ್ಸೆಲರ್ ‘ನಿಮ್ಮೊಳಗಿನ ಮಗುವಿನ ಜೊತೆ ಮಾತಾಡಿ’ ಅಂತಾರೆ, ಇದೆಲ್ಲ ಬೇಕಾ ಅಂತ ಕೇಳಿದ್ದೀರಿ. ಒಳಗಿನ ಮಗು ಅಂದರೆ ಚಿಕ್ಕಂದಿನ ಭಯ, ನೋವು ಹೊತ್ತು ಇನ್ನೂ ನಮ್ಮೊಳಗೇ ಇರುವ ಆ ಪುಟ್ಟ ನಾವು. ನನಗೂ ಮೊದಲು ನಗು ಬಂದಿತ್ತು.

ಅಂಕೋಲಾದ ನಮ್ಮ ಮನೆ ಅಂಗಳದಲ್ಲಿ ಅಪ್ಪನ ಕೆಮ್ಮು ಕೇಳಿದರೆ ಸಾಕು, ಕೊಟ್ಟಿಗೆ ಹಿಂದೆ ಅಡಗುತ್ತಿದ್ದೆ. 38ನೇ ವಯಸ್ಸಲ್ಲೂ ಆಫೀಸಲ್ಲಿ ಯಾರಾದರೂ ದನಿ ಏರಿಸಿದರೆ ಅದೇ ನಡುಕ, ಆ ನಡುಕ ನಿಲ್ಲಿಸೋಕೆ ಸಂಜೆ ಕಾರವಾರದಲ್ಲಿ ಒಂದು ಕ್ವಾರ್ಟರ್. ಈಗ ನಡುಕ ಬಂದರೆ ಕೊಟ್ಟಿಗೆ ಹಿಂದೆ ಅಡಗಿದ್ದ ಆ ಏಳು ವರ್ಷದ ನನಗೇ ನೋಟ್‌ಬುಕ್ಕಲ್ಲಿ ಎರಡು ಸಾಲು ಬರೆಯುತ್ತೇನೆ, ಸುಮ್ನೆ. ಬಾಲ್ಯದ ಪೆಟ್ಟು ಜಾಸ್ತಿಯಾದಷ್ಟೂ ಮುಂದೆ ಕುಡಿತದ ಅಪಾಯ ಜಾಸ್ತಿ ಅಂತ ಅಮೆರಿಕದ ಒಂದು ದೊಡ್ಡ ಅಧ್ಯಯನ 1998ರಲ್ಲೇ ತೋರಿಸಿದೆ.

ಆದರೆ ಡಾಕ್ಟರ್ ಮಾತ್ರೆ ಬಿಟ್ಟು ಇದನ್ನು ಹಿಡಿಯಬೇಡಿ. ಹಳೆಯದನ್ನು ಕೆದಕಿದ ದಿನ ಕುಡಿಯುವ ಆಸೆ ಏರಬಹುದು, ಹಾಗಾಗಿ ಶುರುವಿನಲ್ಲಿ ಕೌನ್ಸೆಲರ್ ಎದುರೇ ಮಾಡಿ. ರಾತ್ರಿ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416, ಕನ್ನಡದಲ್ಲೇ ಮಾತಾಡುತ್ತಾರೆ.